ಕರಿ ಉಣ್ಣೆ, ಕೈಹೆಣಿಗೆ, ಗಂಟೆಯ ಕೂಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾರಾಷ್ಟ್ರದ ಗಡಿಯ ಜತ್ತ, ಮಂಗಳವೇಢೆ, ಅಕ್ಕಲಕೋಟೆ ಕಡೆಯ ಕನ್ನಡದ ಊರುಗಳಲ್ಲಿ ದಖ್ಖನಿ ತಳಿಯ ಕರಿ ಕುರಿಯ ಉಣ್ಣೆಯನ್ನು ಕೈಯಲ್ಲೇ ನೂತು, ಕೈಯಲ್ಲೇ ಹೆಣೆದು, ಟೊಪ್ಪಿಗೆ, ಜಾಕೀಟು, ಚೀಲ ಮಾಡಿಸಿ ಮಾರುವುದು ನಮ್ಮ ಕೆಲಸ. ಇಂಥದ್ದೇ ಶುರು ಮಾಡಬೇಕು ಅಂತ ಬರುವವರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಇವೇ. ಜಾತ್ರೆಯಲ್ಲಿ ಕೇಳಿದ್ದು, ಪತ್ರದಲ್ಲಿ ಬಂದದ್ದು, ಫೋನಿನಲ್ಲಿ ಕೇಳಿದ್ದು ಎಲ್ಲ ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಸೋಲಾಪುರದ ಬಿಸಿಲಿಗೆ ಸ್ವೆಟರ್ ಯಾರು ಹಾಕ್ತಾರವ್ವಾ?

ಇಲ್ಲಿ ಯಾರೂ ಹಾಕುವುದಿಲ್ಲ. ಹಾಕಿದರೂ ಡಿಸೆಂಬರಿನ ಬೆಳಗಿನ ಹೊತ್ತು ಅಷ್ಟೇ. ಗಿರಾಕಿ ಇರುವುದು ಬೆಂಗಳೂರು, ಪುಣೆ, ದಿಲ್ಲಿಯಲ್ಲಿ, ಬೆಟ್ಟಗಾಡಿಗೆ ತಿರುಗಾಡಲು ಹೋಗುವವರಲ್ಲಿ. ಮಾರಾಟ ಅಕ್ಟೋಬರಿನಿಂದ ಜನವರಿವರೆಗೆ. ಅಂದರೆ ನಾಲ್ಕು ತಿಂಗಳು ಬರುವ ದುಡ್ಡಿನಲ್ಲಿ ಹನ್ನೆರಡು ತಿಂಗಳು ಕೂಲಿ ಕೊಡಬೇಕು. ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ವರ್ಷವಿಡೀ ಹೋಗುವ ಚೀಲ, ದಿಂಬಿನ ಕವರು, ಕೂರುವ ಆಸನ ಇವನ್ನು ಜೊತೆಗೆ ಇಟ್ಟರೆ ಬೇಸಿಗೆ ಕಳೆಯುತ್ತದೆ.

ಹೆಣಿಗೆ ನಮ್ಮ ಕಡೆಯ ಸಂಪ್ರದಾಯ ಹೌದಾ? ಕುರುಬರು ಹಿಂದೆ ಸ್ವೆಟರ್ ಹೆಣೆಯುತ್ತಿದ್ದರಾ?

ಇಲ್ಲ. ನಮ್ಮ ಕಡೆಯ ಸಂಪ್ರದಾಯ ನೇಯ್ಗೆ. ಕುರುಬರು, ಧನಗರರು ಕುರಿ ಸಾಕಿ ಉಣ್ಣೆ ಕತ್ತರಿಸುತ್ತಾರೆ. ಅದನ್ನು ಹಿಂಜಿ, ಹೆಂಗಸರು ನೂಲು ತೆಗೆಯುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ದೀಪಾವಳಿಗೆ ಹುಲಜಂತಿಯ ಮಾಳಿಂಗರಾಯನ ಜಾತ್ರೆಗೆ ಹೋಗಿ ನೋಡಿ, ಹೆಗಲ ಮೇಲೆ ಕಂಬಳಿ ಇಲ್ಲದ ಹಿರಿಯರು ಸಿಗುವುದು ಕಷ್ಟ. ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವುದು ಬಂದದ್ದು ಆಮೇಲೆ. ಮಿಷನ್ ಶಾಲೆ, ಹೊಲಿಗೆ ಕ್ಲಾಸು, ವಾರಪತ್ರಿಕೆಯ ಹೆಂಗಸರ ಪುಟ, ಹೀಗೆ ಕೈಯಿಂದ ಕೈಗೆ ಹರಡಿತು.

ಹಾಗಾಗಿ "ಸಾವಿರ ವರ್ಷದ ಹೆಣಿಗೆ" ಅಂತ ಚೀಟಿಯಲ್ಲಿ ಬರೆದರೆ ಸುಳ್ಳಾಗುತ್ತದೆ. ಹಳೆಯದು ಯಾವುದು ಅಂದರೆ ಕುರಿ, ಉಣ್ಣೆಯ ತಿಳಿವಳಿಕೆ, ಹಿಂಜುವುದು, ನೂಲುವುದು. ಹೊಸದು ಹೆಣಿಗೆ. ಎರಡನ್ನೂ ಇದ್ದ ಹಾಗೇ ಹೇಳಿ. ಗಿರಾಕಿಗೆ ಬೇಜಾರೇನೂ ಆಗುವುದಿಲ್ಲ. ಕೇಳುವವರು ಇನ್ನೂ ನಾಲ್ಕು ಪ್ರಶ್ನೆ ಜಾಸ್ತಿ ಕೇಳುತ್ತಾರೆ, ಅಷ್ಟೇ.

ಪ್ಯಾಟ್ಯಾಗ ಉಲನ್ ಅಗ್ಗಕ್ಕೆ ಸಿಗ್ತದಲ್ಲ, ಕುರಿ ಉಣ್ಣೆ ಯಾಕ ಬೇಕು?

ಅಂಗಡಿಯಲ್ಲಿ ಉಲನ್ ಅಂತ ಸಿಗುವ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಅದು ಪೆಟ್ರೋಲಿಯಂನಿಂದ ಮಾಡಿದ ದಾರ. ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಹೆಣೆದು ಮಾರುವುದು ತಪ್ಪಲ್ಲ, ಎಷ್ಟೋ ಮನೆ ಅದರಿಂದ ನಡೆಯುತ್ತವೆ. ಆದರೆ ಅದನ್ನು ಉಣ್ಣೆ ಎಂದು ಮಾರಬೇಡಿ.

ದಖ್ಖನಿ ಉಣ್ಣೆ ಮೈಗೆ ಚುಚ್ಚೋದಿಲ್ವಾ?

ಚುಚ್ಚುತ್ತದೆ. ಉಣ್ಣೆಯ ಎಳೆ 30 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಇದ್ದರೆ ಅದು ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ತಿವಿಯುತ್ತದೆ. ಮೆರಿನೋ ಸಾಮಾನ್ಯವಾಗಿ 24 ಮೈಕ್ರಾನ್ ಒಳಗೆ, ಪಶ್ಮೀನಾ ಇನ್ನೂ ಸಣ್ಣ. ದಖ್ಖನಿ ಉಣ್ಣೆ ಒರಟು, ಜಮಖಾನೆ ಜಾತಿಯದು. ಇದನ್ನು ಮುಚ್ಚಿಟ್ಟು ಮಾರಿದರೆ ಮಾಲು ವಾಪಸ್ ಬರುತ್ತದೆ.

ದಾರಿ ಇದೆ. ಮೈಗೆ ನೇರ ತಾಗದ ವಸ್ತು ಮಾಡಿ: ಅಂಗಿಯ ಮೇಲೆ ಹಾಕುವ ತೋಳಿಲ್ಲದ ಜಾಕೀಟು, ಚೀಲ, ಒಳಗೆ ಹತ್ತಿ ಬಟ್ಟೆ ಕೊಟ್ಟ ಟೊಪ್ಪಿಗೆ. ಮರಿಯ ಮೊದಲ ಕತ್ತರಿಯ ಉಣ್ಣೆ ಮೆತ್ತಗಿರುತ್ತದೆ. ಅದನ್ನು ಬೇರೆ ಚೀಲದಲ್ಲಿ ತುಂಬಿ, ಕುತ್ತಿಗೆ ಪಟ್ಟಿಗೆ ಮೀಸಲಿಡಿ. ಎಳೆಗೂಸಿನ ಬಟ್ಟೆಯ ತಂಟೆಗೆ ಮಾತ್ರ ಹೋಗಬೇಡಿ. ಅದಕ್ಕೆ ಹತ್ತಿ ನೂಲೇ ಸರಿ.

ಕುರಿಗಾರರು ಉಣ್ಣೆ ಬಿಸಾಡ್ತಾರಂತೆ. ಪುಕ್ಕಟೆ ತರಬಹುದಲ್ವಾ?

ಬಿಸಾಡುವುದು ನಿಜ. ಕತ್ತರಿಸುವವನ ಕೂಲಿಯಷ್ಟೂ ಉಣ್ಣೆಗೆ ಬೆಲೆ ಹುಟ್ಟದಿದ್ದರೆ ಇನ್ನೇನು ಮಾಡುತ್ತಾರೆ? ಆದರೆ ಪುಕ್ಕಟೆ ತರಬೇಡಿ.

ಕಾರಣ ಜತ್ತ ತಾಲ್ಲೂಕಿನಲ್ಲೇ ಇದೆ. ಇಲ್ಲಿನ ಮಾಡಗ್ಯಾಳ ಊರಿನ ಹೆಸರಿನ ಕುರಿ ತಳಿ ಈಗ ದೊಡ್ಡ ಹೆಸರು ಮಾಡಿದೆ. ಗಿಣಿಮೂಗು, ಎತ್ತರದ ಮೈ, ಮಾಂಸಕ್ಕೆ ಒಳ್ಳೆಯ ದುಡ್ಡು. ಅದರ ಮೈಮೇಲೆ ಕಂಬಳಿಗೆ ಬರುವಂಥ ಉಣ್ಣೆ ಇಲ್ಲ. ಕುರಿಗಾರ ಲೆಕ್ಕ ಹಾಕಿ ಆ ಕಡೆ ಹೊರಳಿದ್ದಾನೆ, ಅವನನ್ನು ಬೈಯುವ ಹಾಗಿಲ್ಲ. ಕರಿ ಕುರಿ ಹಿಂಡಿನಲ್ಲಿ ಉಳಿಯಬೇಕಾದರೆ ಅದರ ಉಣ್ಣೆಗೆ ಕಾಸು ಬರಬೇಕು. ಕತ್ತರಿಯ ಕೂಲಿ ಮೊದಲು ಕೊಡಿ, ಅದರ ಮೇಲೆ ಕಿಲೋಗೆ ಇಷ್ಟು ಅಂತ ದರ ಕಟ್ಟಿ. ಹೊಟ್ಟೆ, ಕಾಲಿನ ಕಡೆಯ ಹೊಲಸು ಉಣ್ಣೆ ಬೇರೆ, ಬೆನ್ನು, ಭುಜದ್ದು ಬೇರೆ ಮಾಡಿಕೊಟ್ಟವರಿಗೆ ಜಾಸ್ತಿ ಕೊಡಿ.

ಇನ್ನೊಂದು. ಕುರಿಗಾರರು ಒಂದು ಕಡೆ ನಿಲ್ಲುವವರಲ್ಲ. ಮಳೆ, ಮೇವು ನೋಡಿ ಹಿಂಡು ಹೊರಡುತ್ತದೆ, ಗೊಬ್ಬರಕ್ಕಾಗಿ ರೈತರ ಹೊಲದಲ್ಲಿ ತಂಗುತ್ತದೆ. ಕತ್ತರಿ ಯಾವಾಗ, ಎಲ್ಲಿ ಅಂತ ಅವರನ್ನೇ ಕೇಳಿ ನೀವು ಅಲ್ಲಿಗೆ ಹೋಗಬೇಕು. ಅವರು ನಿಮ್ಮ ಗೋದಾಮಿಗೆ ಬರಲಿ ಅಂತ ಕಾದರೆ ಉಣ್ಣೆ ಬರುವುದಿಲ್ಲ.

## ಉಣ್ಣೆಯಿಂದ ಬಟ್ಟೆಯವರೆಗೆ

ನೀರೇ ಇಲ್ಲದ ಊರಲ್ಲಿ ಉಣ್ಣೆ ತೊಳೆಯೋದು ಹೇಗೆ?

ಜತ್ತದ ನೀರಿನ ಕಥೆ ಎಲ್ಲರಿಗೂ ಗೊತ್ತು. ಅದಕ್ಕೇ ತೊಳೆಯುವ ಮುಂಚೆ ಒಣಗಿದ್ದಾಗಲೇ ಚೆನ್ನಾಗಿ ಕೊಡವಿ, ಮುಳ್ಳು, ಹಿಕ್ಕೆ, ಮಣ್ಣು ತೆಗೆಯಿರಿ. ಅರ್ಧ ಕೊಳೆ ಅಲ್ಲೇ ಹೋಗುತ್ತದೆ. ಮೊದಲ ಸಲ ತಣ್ಣೀರಿನಲ್ಲಿ ಸುಮ್ನೆ ನೆನೆಸಿಡಿ. ಕುರಿಯ ಬೆವರಿನ ಉಪ್ಪು ಅದರಲ್ಲಿ ಕರಗುತ್ತದೆ. ಅದರಲ್ಲಿ ಪೊಟ್ಯಾಶ್ ಇರುವುದರಿಂದ ಆ ನೀರು ಗಿಡಕ್ಕೆ ಒಳ್ಳೆಯದು. ಆಮೇಲೆ ಕೈ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯ ನೀರು, ಅಂಟುವಾಳ ಅಥವಾ ಮೃದು ಸೋಪು. ಉಣ್ಣೆಯ ಜಿಡ್ಡು ಕರಗುವುದೇ 40 ಡಿಗ್ರಿ ಆಸುಪಾಸಿನಲ್ಲಿ, ಆದ್ದರಿಂದ ತಣ್ಣೀರಿನಲ್ಲಿ ಎಷ್ಟು ಸಲ ತೊಳೆದರೂ ಜಿಡ್ಡು ಹೋಗದು.

ಉಜ್ಜಬೇಡಿ, ತಿರುವಬೇಡಿ. ಬಿಸಿನೀರಿನಿಂದ ತೆಗೆದು ತಣ್ಣೀರಿಗೆ ಹಾಕಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ, ಅವು ಒಂದಕ್ಕೊಂದು ಸಿಕ್ಕಿಕೊಂಡರೆ ಇಡೀ ಬುಟ್ಟಿ ಜಡೆಗಟ್ಟುತ್ತದೆ. ಜಿಡ್ಡು ಪೂರ್ತಿ ಹೋಗಬೇಕಿಲ್ಲ. ಸ್ವಲ್ಪ ಉಳಿದರೆ ನೂಲಲು ಅನುಕೂಲ, ತುಂತುರು ಮಳೆಗೂ ತಡೆ.

ಕಂಬಳಿ ನೂಲಿನಲ್ಲೇ ಹೆಣೆದೆ. ಜಾಕೀಟು ಒಂದು ಕಡೆಗೆ ಓರೆ ಬಂತು. ಯಾಕೆ?

ಹೆಣೆದವರ ಕೈ ಸರಿ ಇದ್ದರೂ ಹೀಗಾಗುತ್ತದೆ. ಮಗ್ಗದ ನೂಲು ಒಂಟಿ ಎಳೆ, ಬಿಗಿಯಾದ ಹುರಿ. ಮಗ್ಗದಲ್ಲಿ ಹಾಸು ಹೊಕ್ಕು ಒಂದನ್ನೊಂದು ಹಿಡಿದಿಡುತ್ತವೆ, ಹುರಿ ಬಿಚ್ಚಿಕೊಳ್ಳಲು ಜಾಗವಿಲ್ಲ. ಹೆಣಿಗೆಯಲ್ಲಿ ಪ್ರತಿ ಕುಣಿಕೆಯೂ ಸಡಿಲ. ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಬಟ್ಟೆ ಒಂದು ಕಡೆ ವಾಲುತ್ತದೆ. ಸೀದಾ ಹೆಣಿಗೆಯಲ್ಲಿ ಇದು ಎದ್ದು ಕಾಣುತ್ತದೆ.

ಮೊದಲ ಉಪಾಯ, ನೂಲುವಾಗ ಹುರಿ ಕಡಿಮೆ ಮಾಡಿ, ಎರಡು ಎಳೆಯನ್ನು ಉಲ್ಟಾ ದಿಕ್ಕಿಗೆ ಸೇರಿಸಿ ಹೊಸೆಯಿರಿ. ಹೊಸೆದ ನೂಲನ್ನು ಕುಣಿಕೆ ಮಾಡಿ ಇಳಿಬಿಡಿ. ತನ್ನಷ್ಟಕ್ಕೆ ಸುತ್ತಿಕೊಳ್ಳದೆ ನೇರ ತೂಗಿದರೆ ಹದ ಬಂದಿದೆ. ಎರಡನೆಯದು, ಒಂಟಿ ಎಳೆಯೇ ಬೇಕಿದ್ದರೆ ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಕಾಣುವ ಹೆಣಿಗೆ ಆರಿಸಿ, ಎಳೆತ ಸಮವಾಗುತ್ತದೆ. ಕಂಬಳಿಗೆ ನೂತು ಪಳಗಿದ ಹಿರಿಯರಿಗೆ "ಹುರಿ ಕಡಿಮೆ ಮಾಡಿ" ಅಂದರೆ ಮೊದಲು ಒಪ್ಪುವುದಿಲ್ಲ. ಓರೆಯಾದ ಜಾಕೀಟು ಕೈಗೆ ಕೊಟ್ಟರೆ ತಾವೇ ಕಾರಣ ಹೇಳುತ್ತಾರೆ.

ಹತ್ತು ಮಂದಿ ಹೆಣೆದರೆ ಹತ್ತು ಅಳತೆ ಬರ್ತದೆ. ಏನು ಮಾಡೋದು?

ಕೆಲಸ ಹಂಚುವ ಮುಂಚೆ ಒಬ್ಬೊಬ್ಬರೂ ಒಂದು ಚೌಕ ಹೆಣೆಯಲಿ. ಅದನ್ನು ತೊಳೆದು ಒಣಗಿಸಿ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂತು ಅಂತ ಎಣಿಸಿ. ಬಿಗಿ ಕೈಯವರಿಗೆ ದಪ್ಪ ಕಡ್ಡಿ, ಸಡಿಲ ಕೈಯವರಿಗೆ ಸಣ್ಣ ಕಡ್ಡಿ. ಕೈ ಬದಲಿಸಿ ಅನ್ನಬೇಡಿ, ಕಡ್ಡಿ ಬದಲಿಸಿ. ಒಂದು ಜಾಕೀಟು ಒಬ್ಬರದೇ ಕೈಯಲ್ಲಿ ಮುಗಿಯಲಿ. ಬೆನ್ನು ಒಬ್ಬರು, ಎದೆ ಒಬ್ಬರು ಅಂತ ಹಂಚಿದರೆ ಜೋಡಿಸುವಾಗ ಗೊತ್ತಾಗುತ್ತದೆ.

ವಿನ್ಯಾಸವನ್ನು ಇಂಗ್ಲಿಷ್ ಸಂಕೇತಗಳಲ್ಲಿ ಬರೆದು ಕೊಡುವುದು ಬೇಡ. ಚೌಕುಳಿ ಹಾಳೆಯಲ್ಲಿ ಮನೆ ತುಂಬಿ ಕೊಡಿ. ರಂಗೋಲಿ ಚುಕ್ಕಿ ಎಣಿಸಿದ ಕೈಗಳಿಗೆ ಅದು ತಕ್ಷಣ ಅರ್ಥವಾಗುತ್ತದೆ.

ಬಣ್ಣ ಹಾಕಬಹುದಾ?

ಕರಿ ಉಣ್ಣೆಗೆ ಬಣ್ಣ ಹತ್ತದು. ಕರಿ, ಕಂದು, ಬೂದು ಇಷ್ಟರಲ್ಲೇ ಆಟ. ಬಿಸಿಲಿಗೆ ಬಿದ್ದ ತುದಿಗಳು ಕೆಂಚಾಗುತ್ತವೆ, ಅದೇ ಚೆಂದ. ಬಣ್ಣ ಬೇಕೇ ಬೇಕಾದರೆ ಅಂಚಿಗೆ ಹತ್ತಿ ನೂಲು ಸೇರಿಸಿ.

ನುಸಿ ಹಿಡಿದರೆ?

ನುಸಿಯ ಹುಳು ಬೆವರು, ಎಣ್ಣೆ ತಾಗಿದ ಉಣ್ಣೆಯನ್ನು ಮೊದಲು ಹುಡುಕುತ್ತದೆ. ತೊಳೆದು, ಬಿಸಿಲಿಗೆ ಹಾಕಿ, ಕೊಡವಿ, ಬಿಗಿಯಾದ ಡಬ್ಬಿಯಲ್ಲಿಡಿ. ಬೇವಿನ ಸೊಪ್ಪು ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ತಿಂಗಳಿಗೊಮ್ಮೆ ತೆಗೆದು ನೋಡುವುದೇ ಔಷಧಿ.

## ಕೂಲಿ ಮತ್ತು ಬೆಲೆ

ಒಂದು ಟೊಪ್ಪಿಗೆಗೆ ಎಷ್ಟು ಕೂಲಿ ಕೊಡಬೇಕು, ಎಷ್ಟಕ್ಕೆ ಮಾರಬೇಕು?

ಪೀಸಿನ ದರದಿಂದ ಶುರು ಮಾಡಬೇಡಿ, ಗಂಟೆಯಿಂದ ಶುರು ಮಾಡಿ. ಪ್ಯಾಟೆಯಲ್ಲಿ ಟೊಪ್ಪಿಗೆ ಇಷ್ಟಕ್ಕೆ ಹೋಗುತ್ತದೆ, ಅದರಲ್ಲಿ ಖರ್ಚು ಕಳೆದು ಉಳಿದದ್ದು ಕೂಲಿ ಅಂತ ಮೇಲಿನಿಂದ ಕೆಳಗೆ ಬಂದರೆ ಕೂಲಿಗೆ ಉಳಿಯುವುದು ಚಿಲ್ಲರೆ. ಕೆಳಗಿನಿಂದ ಮೇಲೆ ಹೋಗಿ.

ಉದಾಹರಣೆಗೆ ಗಂಟೆಗೆ 65 ರೂಪಾಯಿ ಹಿಡಿಯಿರಿ, ಎಂಟು ಗಂಟೆಗೆ 520. ನಿಮ್ಮ ರಾಜ್ಯದ ಕನಿಷ್ಠ ವೇತನ ನೋಡಿ, ಅದಕ್ಕಿಂತ ಮೇಲೆ ಇಡಿ. ಟೊಪ್ಪಿಗೆಗೆ ಹಿಂಜಿ ನೂಲಲು ಮೂರೂವರೆ ಗಂಟೆ, ಹೆಣೆಯಲು ಐದು, ಒಳಬಟ್ಟೆ ಹೊಲಿಯಲು ಅರ್ಧ ಅಂದುಕೊಳ್ಳಿ. ಒಂಬತ್ತು ಗಂಟೆಗೆ 585 ರೂಪಾಯಿ. ಉಣ್ಣೆ, ಒಳಬಟ್ಟೆ, ಪ್ಯಾಕಿಂಗ್ 115. ಒಟ್ಟು 700. ಇದನ್ನು ಇಮ್ಮಡಿ ಮಾಡಿ 1400ಕ್ಕೆ ಮಾರಿದರೆ ಮೇಲಿನ 700ರಲ್ಲಿ ಅಂಗಡಿಯವರ ಪಾಲು, ಬಾಡಿಗೆ, ಮಾರದೆ ಉಳಿದ ಮಾಲು, ನಿಮ್ಮ ಸಂಬಳ ಎಲ್ಲ ಬರಬೇಕು.

ಜಾಕೀಟಿಗೆ ಬನ್ನಿ. ನೂಲಲು 12, ಹೆಣೆಯಲು 24, ಜೋಡಿಸಿ ತೊಳೆಯಲು 3. ಒಟ್ಟು 39 ಗಂಟೆ, 2535 ರೂಪಾಯಿ. ಸಾಮಾನು, ಸಾಗಣೆ 465 ಸೇರಿ 3000. ಮಾರುವುದು 6000, ತೆರಿಗೆ ಬೇರೆ. ಕೇಳಿದವರು ಹೌಹಾರುತ್ತಾರೆ. ಹಾಗಾಗಿ ಮೊದಲ ವರ್ಷ ಟೊಪ್ಪಿಗೆ, ಸಣ್ಣ ಚೀಲ ಮಾಡಿ. ಜಾಕೀಟು ಆರ್ಡರ್ ಬಂದರೆ ಮಾತ್ರ.

ನಿಮ್ಮಲ್ಲಿ ಎಷ್ಟು ಗಂಟೆ ಹಿಡಿಯುತ್ತದೆ ಅನ್ನುವುದನ್ನು ನಿಧಾನ ಕೈಯವರನ್ನೂ ಸೇರಿಸಿ ಅಳೆಯಿರಿ. ಎಲ್ಲರಿಗಿಂತ ಚುರುಕಾದವರ ಗಂಟೆಯನ್ನೇ ಎಲ್ಲರಿಗೂ ಲೆಕ್ಕ ಹಿಡಿಯುವುದು ಹಳೆಯ ಮಸಲತ್ತು.

ಮನೇಲಿ ಕೂತು ಟಿವಿ ನೋಡ್ತಾ ಮಾಡೋ ಕೆಲಸ ತಾನೇ? ಅಷ್ಟು ಕೂಲಿ ಯಾಕೆ?

ಈ ಮಾತು ಹೇಳುವವರಲ್ಲಿ ಹೆಂಗಸರೂ ಇದ್ದಾರೆ, ಅದೇ ಬೇಜಾರು. ಸೋಲಾಪುರದಲ್ಲಿ ಬೀಡಿ ಕಟ್ಟುವ ಮನೆಗಳನ್ನು ನೋಡಿದವರು ಹೀಗೆ ಕೇಳಲಾರರು. ಅಡುಗೆ, ಮಕ್ಕಳು, ನೀರು ಎಲ್ಲದರ ನಡುವೆ ಸಾವಿರ ಬೀಡಿಯ ಲೆಕ್ಕ ತುಂಬಿಸಬೇಕು. ಮನೆಯಲ್ಲಿ ಮಾಡಿದರೂ ಗಂಟೆ ಗಂಟೆಯೇ. ಮನೆಗೆ ಕೆಲಸ ಒಯ್ದು ಮಾಡುವವರನ್ನು 1948ರ ಕನಿಷ್ಠ ವೇತನ ಕಾಯ್ದೆಯೇ ಕೆಲಸಗಾರರ ಸಾಲಿಗೆ ಸೇರಿಸಿತ್ತು. ಮನೆಗೆಲಸಗಾರ್ತಿಯರಲ್ಲ, ಮನೆಯಲ್ಲಿ ಕೂತು ಮಾಲು ತಯಾರಿಸುವವರ ಹಕ್ಕಿಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ ಒಪ್ಪಂದ ಇದೆ, 177ನೆಯದು. ಭಾರತ ಅದಕ್ಕೆ ಸಹಿ ಹಾಕಿಲ್ಲ. ನೀವು ಅದನ್ನು ಪಾಲಿಸಲು ಯಾರ ಸಹಿಯೂ ಬೇಕಿಲ್ಲ.

ಕೆಟ್ಟ ಪೀಸ್ ಬಂದ್ರೆ ಕೂಲಿ ಹಿಡೀಬಹುದಾ?

ಕಲಿಯುವ ಕಾಲದಲ್ಲಿ ಹಿಡಿಯಬೇಡಿ. ಆಮೇಲೆಯೂ ತಪ್ಪು ಯಾರದು ಅಂತ ಮೊದಲು ನೋಡಿ. ನೂಲು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇದ್ದರೆ ಹೆಣೆದವರು ಏನು ಮಾಡಿಯಾರು? ಅರ್ಧ ಮುಗಿದಾಗ ಒಮ್ಮೆ ಹೋಗಿ ನೋಡುವ ಪದ್ಧತಿ ಇಟ್ಟುಕೊಂಡರೆ ಪೂರ್ತಿ ಕೆಡುವುದು ತಪ್ಪುತ್ತದೆ. ಬಿಚ್ಚಿ ಮತ್ತೆ ಹೆಣೆಯಲು ಹೇಳಿದರೆ ಆ ಗಂಟೆಗೂ ಕೂಲಿ ಸೇರಿಸಿ.

ಎಥಿಕಲ್ ಅಂದ್ರೆ ಕೂಲಿ ಸರಿಯಾಗಿ ಕೊಡೋದು, ಅಷ್ಟೇನಾ?

ಅದು ಮೊದಲನೆಯದು. ಉಳಿದವು ಸಣ್ಣವು ಅನ್ನಿಸುತ್ತವೆ, ಆದರೆ ದಿನವೂ ಎದುರಾಗುತ್ತವೆ.

ಕಣ್ಣು. ಕರಿ ನೂಲಿನ ಕುಣಿಕೆ ರಾತ್ರಿ ಮಂದ ಬೆಳಕಿನಲ್ಲಿ ಕಾಣುವುದೇ ಇಲ್ಲ. ನಲವತ್ತು ದಾಟಿದವರಿಗೆ ಹತ್ತಿರದ ಚಷ್ಮಾ ಬೇಕೇ ಬೇಕು. ಕಣ್ಣು ತಪಾಸಣೆ, ಚಷ್ಮಾ, ಒಂದು ಒಳ್ಳೆಯ ದೀಪ ಇವು ಕಡ್ಡಿ, ನೂಲಿನ ಹಾಗೆ ಕೆಲಸದ ಸಾಮಾನು. ಅವುಗಳ ಖರ್ಚು ನಿಮ್ಮದು. ಹಿಂಜುವವರಿಗೆ ಮೂಗಿಗೆ ಬಟ್ಟೆ, ಗಾಳಿ ಆಡುವ ಜಾಗ.

ದುಡ್ಡಿನ ಹೊತ್ತು. ಮಾಲು ಮಾರಿದ ಮೇಲೆ ಕೊಡುತ್ತೇನೆ ಅನ್ನಬೇಡಿ. ಮಾಲು ಕೊಟ್ಟ ದಿನವೇ ಕೂಲಿ ಕೊಡಿ. ಮಾರಾಟವಾಗದ ನಷ್ಟ ಹೊರುವುದು ಬ್ರ್ಯಾಂಡ್ ಮಾಡಿದವರ ಕೆಲಸ, ಹೆಣೆದವರದಲ್ಲ.

ಫೋಟೋ. ಸುಕ್ಕುಗಟ್ಟಿದ ಕೈ, ಹಣೆಯ ಕುಂಕುಮ, ಹಿಂದೆ ಮಣ್ಣಿನ ಗೋಡೆ. ಎಲ್ಲ ಬ್ರ್ಯಾಂಡಿನವರಿಗೂ ಇದೇ ಚಿತ್ರ ಬೇಕು. ಎಲ್ಲಿ ಹಾಕುತ್ತೀರಿ ಅಂತ ತೋರಿಸಿ, ಕೇಳಿ, ಬೇಡ ಅಂದರೆ ಬಿಡಿ. ಹಲವರಿಗೆ ತಾವು ಕೂಲಿಗೆ ಹೆಣೆಯುವುದು ಬೀಗರಿಗೆ ಗೊತ್ತಾಗುವುದು ಬೇಡವಾಗಿರುತ್ತದೆ.

## ಕಾಗದ, ಹೆಸರು, ಮಾರಾಟ

ಜಿಎಸ್‌ಟಿ ನಂಬರ್ ಶುರುವಿನಲ್ಲೇ ಬೇಕಾ? ನಮ್ಮದು ಇನ್ನೂ ಸಣ್ಣದು.

ಸರಕು ಮಾರುವವರಿಗೆ ಮಹಾರಾಷ್ಟ್ರ, ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ. ಆದರೆ ಗಡಿಯವರಿಗೆ ಇಲ್ಲೊಂದು ಕೊಕ್ಕೆ ಇದೆ. ಹೊರರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ನಮಗೆ ಹೊರರಾಜ್ಯ ಅಂದರೆ ದಿಲ್ಲಿಯೇ ಆಗಬೇಕಿಲ್ಲ. ಅಕ್ಕಲಕೋಟೆಯಿಂದ ಆಳಂದಕ್ಕೆ, ಜತ್ತದಿಂದ ವಿಜಯಪುರಕ್ಕೆ ಮಾರಿದರೂ ಹೊರರಾಜ್ಯವೇ. ಕೈಕಸುಬಿನ ಕೆಲವು ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಇದೆ. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯಾ ಅಂತ ಒಬ್ಬ ಲೆಕ್ಕಿಗರ ಹತ್ತಿರ ಕೇಳಿ.

ದರದ ವಿಷಯ. 2025ರ ಸೆಪ್ಟೆಂಬರ್ 22ರಿಂದ ಉಡುಪಿನ ಒಂದು ಪೀಸಿಗೆ 2500 ರೂಪಾಯಿವರೆಗೆ ಶೇ. 5, ಅದಕ್ಕಿಂತ ಮೇಲಾದರೆ ಶೇ. 18. ಮೇಲಿನ ಲೆಕ್ಕದ ಜಾಕೀಟಿನ ಕೂಲಿಯೇ 2535. ಮಾರುವ ಬೆಲೆ 6000ಕ್ಕೆ 1080 ತೆರಿಗೆ ಸೇರಿ ಗಿರಾಕಿಗೆ 7080. ಅಗ್ಗದ ಮಿಲ್ಲಿನ ಸ್ವೆಟರಿಗೆ ಶೇ. 5, ಕೈಯಲ್ಲಿ ಹೆಣೆದದ್ದಕ್ಕೆ ಶೇ. 18 ಬೀಳುವ ಪರಿಸ್ಥಿತಿ. ನನ್ನ ಕೇಳಿದರೆ ಇದು ಅನ್ಯಾಯ. ಆದರೆ 2500ರ ಒಳಗೆ ತರಬೇಕು ಅಂತ ಕೂಲಿ ಕತ್ತರಿಸುವುದು ಇನ್ನೂ ದೊಡ್ಡ ಅನ್ಯಾಯ.

ಬೇರೆ ಏನೇನು ನೋಂದಣಿ ಮಾಡಿಸಬೇಕು?

ಮೂರು ಸಾಕು. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಪುಕ್ಕಟೆ, ಮೊದಲು ಇದನ್ನು ಮಾಡಿ. ಹೆಸರಿಗೆ ಟ್ರೇಡ್‌ಮಾರ್ಕ್, ಉಡುಪಿಗೆ 25ನೇ ವರ್ಗ. ಒಬ್ಬರ ಹೆಸರಿನಲ್ಲಿ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನ್ ಹಾಕಿದರೆ ಸರ್ಕಾರಿ ಶುಲ್ಕ 4500 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣ. "ಕಂಬಳಿ" ಅಂತ ಬರೀ ವಸ್ತುವಿನ ಹೆಸರನ್ನೇ ಕೇಳಿದರೆ ಸಿಗುವುದು ಕಷ್ಟ. ಮೂರನೆಯದು ಕೆಲಸ ಮಾಡುವವರಿಗೆ: ಕೈಕಸುಬಿನವರಿಗೆ ಕೇಂದ್ರ ಜವಳಿ ಇಲಾಖೆ ಕೊಡುವ 'ಪೆಹಚಾನ್' ಗುರುತಿನ ಚೀಟಿ. ಅದು ಅವರ ಹೆಸರಿನಲ್ಲೇ ಇರಲಿ, ಅವರ ಹತ್ತಿರವೇ ಇರಲಿ.

ಚೀಟಿ ಮೇಲೆ ಕೈಮಗ್ಗ, ಖಾದಿ ಅಂತ ಹಾಕಿದರೆ ಹೆಚ್ಚು ಹೋಗುತ್ತಾ?

ಹೋಗಬಹುದು, ಆದರೆ ಹಾಕಬಾರದು. ಹೆಣಿಗೆಗೆ ಮಗ್ಗವೇ ಇಲ್ಲ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇರುವುದು ಕೈಮಗ್ಗದ ಬಟ್ಟೆಗೆ. ಖಾದಿ ಹೆಸರನ್ನು ಖಾದಿ ಆಯೋಗದ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ, ಕೋರ್ಟಿಗೆ ಎಳೆಯುತ್ತಾರೆ. ಸೋಲಾಪುರದ ಜಿಐ ಗುರುತು, ಅಂದರೆ ಊರಿನ ಹೆಸರಿನ ಮೇಲಿನ ಹಕ್ಕು, ಅಲ್ಲಿನ ಚಾದರು, ಟವೆಲ್ಲಿಗೆ. ಸೋಲಾಪುರ ಜಿಲ್ಲೆಯಲ್ಲಿದ್ದೀವಿ ಅಂತ ನಮ್ಮ ಜಾಕೀಟಿಗೆ ಅದು ಬರದು. "ದಖ್ಖನಿ ಕುರಿಯ ಉಣ್ಣೆ, ಕೈಯಲ್ಲಿ ನೂತು ಕೈಯಲ್ಲಿ ಹೆಣೆದದ್ದು, ಒರಟು, ಅಂಗಿಯ ಮೇಲೆ ಹಾಕಿ" ಅಂತ ಬರೆಯಿರಿ. ಎಷ್ಟು ಗಂಟೆ ಹಿಡಿಯಿತು ಅಂತಲೂ ಬರೆಯಿರಿ. ಬೆಲೆಯ ಬಗ್ಗೆ ಬರುವ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತವೆ.

ದೊಡ್ಡ ಊರಿನ ಅಂಗಡಿಯವರು "ಮಾಲು ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು" ಅಂತಾರೆ. ಒಪ್ಪಲಾ?

ಒಂದು ಚೀಲದಷ್ಟು ಮಾಲಿಗೆ, ಒಂದು ಸಲ, ಒಪ್ಪಿ. ಅದಕ್ಕಿಂತ ಜಾಸ್ತಿ ಬೇಡ. ಇಟ್ಟ ಮಾಲಿಗೆ ಸಹಿ ಹಾಕಿಸಿದ ಪಟ್ಟಿ, ವಾಪಸ್ ಕೊಡುವ ತಾರೀಖು, ನುಸಿ ಹಿಡಿದರೆ ಯಾರ ಹೊಣೆ ಎಂಬುದು ಕಾಗದದಲ್ಲಿ ಇರಲಿ. ಹೋಳಿ ಕಳೆದ ಮೇಲೆ ಮುದುರಿದ ಟೊಪ್ಪಿಗೆಗಳು ವಾಪಸ್ ಬರುವುದನ್ನು ನಾವು ಕಂಡಿದ್ದೇವೆ.

ಬಿಲ್ ಹಾಕಿ ಮಾರಿದರೆ ಒಂದು ಬಲ ಇದೆ. ಉದ್ಯಮ್ ನೋಂದಣಿ ಇದ್ದ ತಯಾರಕರಿಗೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ 45 ದಿನದೊಳಗೆ ದುಡ್ಡು ಕೊಡಬೇಕು, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಡವಾದರೆ ಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಅದನ್ನು ಕಂಡರೆ ಕೆಲವರ ಕೈ ಬೇಗ ಓಡುತ್ತದೆ.

ನಾವು ಕಲಿಸಿದ ಹೆಂಗಸರು ಬೇರೆಯವರಿಗೂ ಹೆಣೆದು ಕೊಟ್ಟರೆ?

ಕೊಡಲಿ. ವರ್ಷವಿಡೀ ಕೆಲಸ ಕೊಡುವ ತಾಕತ್ತು ನಿಮಗಿಲ್ಲದಿದ್ದರೆ ಬೇರೆಯವರಿಗೆ ಮಾಡಬೇಡಿ ಅನ್ನುವ ಹಕ್ಕೂ ಇಲ್ಲ. ನಿಮ್ಮ ಚೀಟಿ, ನಿಮ್ಮ ಹೆಸರು ಬಳಸಬಾರದು, ಅಷ್ಟು ಕೇಳಿ. ಅವರೇ ಹೊಸ ವಿನ್ಯಾಸ ತಂದರೆ ಅದು ಯಾರದು ಅಂತ ಮೊದಲೇ ಬರೆದುಕೊಳ್ಳಿ, ಮಾರಾಟವಾದ ಪ್ರತಿ ಪೀಸಿಗೆ ಇಷ್ಟು ಅಂತ ಕೊಡಿ.

ಸಂಘ ಮಾಡಬೇಕಾ, ಕಂಪನಿ ಮಾಡಬೇಕಾ?

ಮೊದಲು ಒಬ್ಬರ ಹೆಸರಿನಲ್ಲಿ ನಡೆಸಿ, ಮಾಲು ಹೋಗುತ್ತದಾ ನೋಡಿ. ನಡೆದರೆ ಮಾಲು ಮಾಡುವವರೇ ಒಡೆಯರಾದ ಉತ್ಪಾದಕರ ಕಂಪನಿ ಮಾಡಿ. ಅದಕ್ಕೆ ಕನಿಷ್ಠ ಹತ್ತು ಮಂದಿ ಉತ್ಪಾದಕರು ಬೇಕು, ಕುರಿಗಾರರನ್ನೂ ಸೇರಿಸಿಕೊಳ್ಳಿ. ಮಾಲೇ ಹೋಗದೆ ಸಂಘ ಕಟ್ಟಿದರೆ ಸಭೆಯಲ್ಲಿ ಚಹಾದ ಖರ್ಚಿನ ಚರ್ಚೆ ಬಿಟ್ಟು ಬೇರೆ ನಡೆಯುವುದಿಲ್ಲ.

ಐನೂರು ಪೀಸಿನ ಆರ್ಡರ್ ಬಂದಿದೆ. ಹೆಣಿಗೆ ಯಂತ್ರ ತರಲಾ?

ಗಂಟೆ ಲೆಕ್ಕ ಹಾಕಿ. ಟೊಪ್ಪಿಗೆಯೇ ಆದರೂ 4500 ಗಂಟೆ. ದಿನಕ್ಕೆ ನಾಲ್ಕು ಗಂಟೆ ಕೊಡುವ ಇಪ್ಪತ್ತೈದು ಮಂದಿಗೆ 45 ದಿನ, ಅದೂ ಹಬ್ಬ, ಸುಗ್ಗಿ, ಮದುವೆ ಯಾವುದೂ ಅಡ್ಡ ಬರದಿದ್ದರೆ. ಇವು ಬರದೇ ಇರುವುದುಂಟಾ? ಕೈಯಲ್ಲಿ ನೂತ ಒರಟು ನೂಲು ಯಂತ್ರದ ಸೂಜಿಗೆ ಸಿಕ್ಕಿ ಕಡಿಯುತ್ತದೆ. ಯಂತ್ರ ತಂದರೆ ಮಿಲ್ಲಿನ ನೂಲೂ ತರಬೇಕಾಗುತ್ತದೆ, ಆಗ ನೂಲುವವರ ಮನೆಯ ಕೆಲಸ ಹೋಯಿತು. ಕೊಳ್ಳುವವರಿಗೆ ಫೋನ್ ಮಾಡಿ, ನೂರು ಪೀಸು ಈ ದಸರೆಗೆ, ಉಳಿದದ್ದು ಮೂರು ಕಂತಿನಲ್ಲಿ, ಅರ್ಧ ದುಡ್ಡು ಮುಂಗಡ ಅನ್ನಿ. ಒಪ್ಪದಿದ್ದರೆ ಆರ್ಡರ್ ಬಿಡಿ.